ಎರೆ ಹೊಲಕ್ಕೆ ಸಿಕ್ಕ ಸಹಿ

ಆ ತರಬೇತುದಾರ ತೀರಿಕೊಂಡು ಬಹಳ ವರ್ಷವಾಯಿತು. ಆದರೂ ಅವನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿಯಲಿ ಬಿಡಿ, ಮುಚ್ಚಿಡುವ ವಯಸ್ಸಲ್ಲ ನನ್ನದು.

ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ಕಳೆದಿತ್ತು. ಚಿತ್ರದುರ್ಗದ ಹೊರಗೆ, ಯುದ್ಧದ ಕಾಲದ ಮಣ್ಣಿನ ರನ್‌ವೇಯಲ್ಲಿ, ಬೆಂಗಳೂರಿನ ವಿಮಾನ ಕ್ಲಬ್ಬೊಂದು ತರಬೇತಿ ಶಿಬಿರ ಹಾಕಿತ್ತು. ಹಳೆಯ ವಿಮಾನದಲ್ಲಿ ನಾನು ಒಬ್ಬನೇ ಹಾರಿ ಆಗಿತ್ತು. ಅದನ್ನು ಮಾರಿ ಹೊಸದು ತಂದರು: ಎರಡೇ ಸೀಟು, ಮೂತಿಯ ಕೆಳಗೊಂದು ಪುಟ್ಟ ಚಕ್ರ. ತರಬೇತುದಾರ ಪಕ್ಕದಲ್ಲಿ ಕೂತು ಪರೀಕ್ಷಿಸಿ ಲಾಗ್‌ಬುಕ್ಕಿಗೆ ಸಹಿ ಹಾಕಬೇಕು. ಸಹಿ ಇಲ್ಲವೆಂದರೆ ನನ್ನ ಹಾರಾಟವೇ ಬಂದ್.

ನಾನು ಪಕ್ಕದ ಮದಕರಿಪುರದ ಕುರಿಗಾರನ ಮಗ. ಅದು ಗೊತ್ತಾದ ದಿನದಿಂದ ಆತ "ಏನಯ್ಯ, ಕುರಿ ಎಣಿಸಿ ಬಂದ್ಯಾ?" ಎಂದೇ ಮಾತು ಶುರು ಮಾಡುತ್ತಿದ್ದ. ಉಳಿದವರು ಕಿಸಕ್ಕೆಂದು ನಗುತ್ತಿದ್ದರು.

ಪರೀಕ್ಷೆಯ ದಿನ ಏರಿದ್ದೂ ತಿರುಗಿಸಿದ್ದೂ ಚೆನ್ನಾಗಿಯೇ ಆಯಿತು. ನಮ್ಮೂರ ಮೇಲೆ ಬಂದಾಗ ಆತ ಎಂಜಿನ್ನಿನ ಸದ್ದು ಇಳಿಸಿದ.

"ಎಂಜಿನ್ ಕೆಟ್ಟಿದೆ ಅಂದ್ಕೋ. ಎಲ್ಲಿ ಇಳಿಸ್ತೀಯ?"

ಎಡಕ್ಕೆ ಹಲಗೆಯಂತೆ ಸಮತಟ್ಟಾದ ಕಪ್ಪು ಹೊಲ. ಬಲಕ್ಕೆ, ಅಪ್ಪ ಕುರಿ ಮೇಯಿಸುವ ಕೆಂಪು ಬೀಳು, ಅಲ್ಲಲ್ಲಿ ಕಲ್ಲು. ನಾನು ಬಲಕ್ಕೆ ತಿರುಗಿಸಿದೆ.

"ಕಣ್ಣಿದೆಯೇನಯ್ಯ? ಅಂಥ ಹೊಲ ಬಿಟ್ಟು ಕಲ್ಲಿನ ಮೇಲೆ ಇಳಿಸ್ತೀಯ?"

"ಅದು ಎರೆ ಮಣ್ಣು ಸಾರ್. ಮೊನ್ನೆ ಮಳೆ ಬಿದ್ದೈತೆ. ಮೂತಿ ಚಕ್ರ ಹೂತ್ಕಂಡು ಪಲ್ಟಿ ಹೊಡಿತೈತೆ."

"ಕುರಿ ಕಾಯೋ ಬುದ್ಧೀನ ಇಲ್ಲಿ ತೋರಿಸ್ಬೇಡ. ನಾಳೆ ಇನ್ನೊಂದು ಸಲ. ಅದೇ ಕಡೆ."

ಸಹಿ ಹಾಕಲಿಲ್ಲ. ಒಂದು ಹೆಜ್ಜೆ ಆ ಹೊಲದಲ್ಲಿ ಇಟ್ಟವನಲ್ಲ, ಬೂಟಿಗೆ ಮಣ್ಣು ಅಂಟಿಸಿಕೊಂಡವನಲ್ಲ, ನನಗೆ ಹೇಳಿಕೊಡಲು ಬಂದಿದ್ದ!

ಮರುದಿನ ಅದೇ ಜಾಗ, ಅದೇ ಎತ್ತರ, ಅದೇ ಪ್ರಶ್ನೆ. ನನ್ನ ಕೈ ಬಲಕ್ಕೇ ಹೊರಟಿತ್ತು. ಸಹಿ ನೆನಪಾಯಿತು. ಎಡಕ್ಕೆ ತಿರುಗಿಸಿದೆ. ಸಾಲುಗಳಲ್ಲಿ ನಿಂತ ನೀರು ಕಾಣುವಷ್ಟು ಕೆಳಗೆ ಇಳಿದೆವು. ಆಮೇಲೆ ಆತ ಎಂಜಿನ್ನಿಗೆ ಜೋರು ಕೊಟ್ಟು ಮೇಲಕ್ಕೆತ್ತಿದ.

"ಈಗ ಬಂತು ನೋಡು ಬುದ್ಧಿ!"

ಇಳಿದ ಮೇಲೆ ಬೆನ್ನು ತಟ್ಟಿ ಸಹಿ ಹಾಕಿದ. ನಾನು ಹಲ್ಲು ಕಿರಿದು "ಥ್ಯಾಂಕ್ಯೂ ಸಾರ್" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಮಧ್ಯಾಹ್ನ ಬೇಲಿಯ ಹತ್ತಿರ ಅಪ್ಪ ಬಂದು ನಿಂತಿದ್ದ. ಮೊಣಕಾಲಿನವರೆಗೂ ಕಪ್ಪು ಕೆಸರು. ಕಾಲಲ್ಲಿ ಒಂದೇ ಚಪ್ಪಲಿ.

"ಇಳಿದೇ ಬಿಡ್ತೀಯೇನೋ ಅಂತ ಕಂಬ್ಳಿ ಬೀಸ್ಕೆಂತ ಓಡಿದೆ ಕಣಪ್ಪ. ಇನ್ನೊಂದು ಚಪ್ಲಿ ಅಲ್ಲೇ ಹೂತ್ಕಂತು. ಮಳೆ ಬಿದ್ರೆ ಅಲ್ಲಿಗೆ ನಾವು ಕುರೀನೂ ಬಿಡಲ್ಲ. ನಿಂಗೆ ಗೊತ್ತಿಲ್ಲೇನಲೇ?"

ಲಾಗ್‌ಬುಕ್ಕು ನನ್ನ ಕಂಕುಳಲ್ಲಿತ್ತು.

"ಗೊತ್ತಾಗ್ಲಿಲ್ಲಪ್ಪ" ಎಂದೆ.

ಅಪ್ಪ ಒಮ್ಮೆ ಹೊಸ ವಿಮಾನದ ಕಡೆ ನೋಡಿದ. "ಹೋಗ್ಲಿ ಬಿಡು," ಎಂದ. "ಮೇಲಿಂದ ಕಾಣಂಗಿಲ್ಲೇನೋ."