ತಂಗಿಗೆ ನಾನು ಮಾಡಿಕೊಟ್ಟ ಎತ್ತರದ ಮೇಜು

ಗುಬ್ಬಿಯ ನಮ್ಮ ಮನೆಯಲ್ಲಿ ಓದಿ ಬರೆಯಲು ಮೇಜು ಇರಲಿಲ್ಲ. ಅಪ್ಪ ಬಡಗಿ. ಊರಿನವರ ಮೇಜು, ಕುರ್ಚಿ, ಮಂಚ ಎಲ್ಲ ನಮ್ಮ ಜಗುಲಿಯಿಂದಲೇ ಹೋಗುತ್ತಿದ್ದವು, ಒಂದೂ ನಮಗೆ ಉಳಿಯುತ್ತಿರಲಿಲ್ಲ. ತಂಗಿ ಅಪ್ಪನ ಕೆಲಸದ ಬೆಂಚಿನ ಒಂದು ತುದಿಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದಳು.

ಬೆಂಚು ಅವಳ ಗಲ್ಲದವರೆಗೆ ಬರುತ್ತಿತ್ತು. ಅದಕ್ಕೆ ಅಪ್ಪ ಅವಳ ಕಾಲ ಕೆಳಗೆ ಹಲಗೆ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. "ಕೈ ಮಡಚು ನೋಡಾನ" ಎಂದು ಬಗ್ಗಿ, ಅವಳ ಮೊಣಕೈ ಬೆಂಚಿಗೆ ಸಮ ಬಂದಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ವರ್ಷ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಒಂದೊಂದು ಹಲಗೆ ತೆಗೆಸುತ್ತಿದ್ದ. ತೆಗೆಯುವ ಕೆಲಸ ನನ್ನದು. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಜೊತೆ ನಿಂತವನು. ಬೆಂಚಿನ ಈ ತುದಿಯಲ್ಲಿ ನಾನು ಹತ್ತರಿ ಹೊಡೆದು ಮರ ನಯಮಾಡುತ್ತಿದ್ದರೆ ಆ ತುದಿಯಲ್ಲಿ ಅವಳ ಅಕ್ಷರ ಅಲುಗಾಡುತ್ತಿತ್ತು.

"ಅಣ್ಣ, ಒಸಿ ತಡಿಯೋ, ಏಳು ಅಂತ ಬರೆಯಕ್ಕೋದ್ರೆ ಹಾವಾಯ್ತದೆ."

"ನಿಲ್ಸೋ, ಅವಳಾದ್ರೂ ಬರೀಲಿ" ಎನ್ನುತ್ತಿದ್ದ ಅಪ್ಪ. ನಾನು ನಿಲ್ಲಿಸುತ್ತಿದ್ದೆ. ಶಾಲೆಯಲ್ಲಿ ಅವಳ ಪುಸ್ತಕ ಕೊಡವಿದರೆ ಮರದ ಸಿಪ್ಪೆ ಉದುರುತ್ತಿತ್ತಂತೆ. ಹಲಸಿನ ಮರ ಹೆರೆದ ದಿನ ಹಳದಿ ಪುಡಿ, ಬೇವಿನ ಮರವಾದರೆ ಕಹಿ ವಾಸನೆ. ಮೂಗಿಗೆ ಹಿಡಿದರೆ ಸಾಕು, ಮನೆಯಲ್ಲಿ ಯಾವ ಮರ ಕೆಲಸಕ್ಕೆ ಬಂದಿದೆಯೆಂದು ಗೊತ್ತಾಗುತ್ತದೆ ಎಂದು ಟೀಚರ್ ನಗುತ್ತಿದ್ದರಂತೆ. ಕೊನೆಯ ಹಲಗೆ ತೆಗೆದ ವರ್ಷ ಅವಳು ಹೈಸ್ಕೂಲಿನಲ್ಲಿದ್ದಳು. ಬರೀ ನೆಲದ ಮೇಲೆ ನಿಂತು, ಮೊಣಕೈ ಊರಿ, ನಮ್ಮಿಬ್ಬರ ಕಡೆ ದೊಡ್ಡವಳಂತೆ ನೋಡಿದ್ದಳು. ಈಗಲೂ ಅವಳ ಮುಖ ನೆನೆದರೆ ನನಗೆ ಮೊದಲು ಕಾಣುವುದು ಆ ಮುಖ.

ಈಗ ಅಪ್ಪನಿಲ್ಲ. ನಾನು ಕುಣಿಗಲ್‌ನಲ್ಲಿ ಮರಗೆಲಸದ ಶೆಡ್ ಹಾಕಿಕೊಂಡಿದ್ದೇನೆ. ತಂಗಿ ತುಮಕೂರಿನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದಾಳೆ. ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಆಸ್ಪತ್ರೆ ಬಿಲ್ಲುಗಳನ್ನು ತಾಳೆ ನೋಡುವ ಕೆಲಸ; ಎಲ್ಲ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ. ಕೂತು ಕೂತು ಸೊಂಟ ಹಿಡಿದುಕೊಂಡಾಗ ಡಾಕ್ಟರು ಅರ್ಧ ದಿನ ನಿಂತು ಕೆಲಸ ಮಾಡಲು ಹೇಳಿದರು. ಬಟನ್ ಒತ್ತಿದರೆ ಮೇಲೆ ಕೆಳಗೆ ಆಗುವ ಮೇಜು ಬಂದಿದೆ, ತಗೊಳ್ಳಲಾ ಎಂದು ಫೋನಿನಲ್ಲಿ ಕೇಳಿದಳು.

"ಅಣ್ಣ ಬಡಗಿ ಆಗಿ, ನೀನು ಕಬ್ಬಿಣದ ಕಾಲಿನ ಮೇಜು ತರ್ತೀಯೇನವ್ವ? ಅಳತೆ ಹೇಳು" ಅಂದೆ.

ಅವಳು ನೆಲದಿಂದ ಮೊಣಕೈವರೆಗೆ ಟೇಪು ಹಿಡಿದು ಹೇಳಿದಳು: ಮೂವತ್ತೆಂಟು ಇಂಚು.

ಚೇಳೂರಿನ ಕಡೆಯಿಂದ ಒಳ್ಳೆಯ ಹಲಸಿನ ಹಲಗೆ ತರಿಸಿದೆ. ತಪ್ಪಾದದ್ದು ಆಮೇಲೆ. ಬಾಗಿಲಿಗೆ, ಮಂಚಕ್ಕೆ ಅಳತೆ ಶುಭವೋ ಅಲ್ಲವೋ ಎಂದು ಆಯ ನೋಡುವುದು ನಮ್ಮ ವಾಡಿಕೆ. ಅಪ್ಪ ಕಲಿಸಿದ ಲೆಕ್ಕ ಸುಲಭ: ಅಳತೆಯನ್ನು ಎಂಟರಿಂದ ಭಾಗಿಸಿದರೆ ಬೆಸ ಸಂಖ್ಯೆ ಉಳಿಯಬೇಕು. ಒಂದು ಉಳಿದರೆ ಧ್ವಜಾಯ, ಎಲ್ಲಕ್ಕಿಂತ ಶ್ರೇಷ್ಠ. ಬರೆಯುವ ಮೇಜಿಗೆ ಯಾರೂ ಆಯ ನೋಡುವುದಿಲ್ಲ. ನಾನು ನೋಡಿದೆ. ಅನ್ನ ಕೊಡುವ ಮೇಜು, ಚೆನ್ನಾಗಿರಲಿ ಎಂದು. ಮೂವತ್ತೆಂಟಕ್ಕೆ ಆರು ಉಳಿಯಿತು, ಕೂಡದು. ಮೂವತ್ತೊಂಬತ್ತಕ್ಕೆ ಏಳು, ಅದೂ ಒಳ್ಳೆಯದೇ, ಗಜಾಯ. ಅಲ್ಲಿಗೆ ನಿಲ್ಲಬಹುದಿತ್ತು. ನನಗೆ ಧ್ವಜವೇ ಬೇಕಾಯಿತು. ನಲವತ್ತೊಂದಕ್ಕೆ ಕಾಲು ಕೊಯ್ದೆ.

ಗೂಡ್ಸ್ ಆಟೋದಲ್ಲಿ ಒಯ್ದು ಇಳಿಸಿದ ದಿನ ಅವಳು ಹಲಗೆಯನ್ನು ಸವರಿ ಸವರಿ ನೋಡಿದಳು. ಆಮೇಲೆ ನಿಂತು ಟೈಪ್ ಮಾಡಿದಳು. ಭುಜಗಳು ಎರಡೂ ಕಿವಿಯ ಕಡೆಗೆ ಎದ್ದವು. ನನಗೆ ಆಗಲೇ ತಿಳಿಯಿತು.

"ಒಸಿ ಎತ್ತರ ಆಯ್ತೇನೋ ಅಣ್ಣ?"

"ನೀನು ಹೇಳಿದ ಮೂವತ್ತೆಂಟೇ ಕಣವ್ವ. ಅಭ್ಯಾಸ ಆಯ್ತದೆ ಬುಡು."

ಕೆಳಗಿನ ಮನೆಯವರು ನೋಡಲು ಬಂದು ಮೆಟ್ಟಿಲ ಬಳಿ ನಿಂತಿದ್ದರು. ಅವರೆದುರು ಅಳತೆ ತಪ್ಪಿದೆ ಎನ್ನಲು ಬಾಯಿ ಬರಲಿಲ್ಲ. ಅವರು ಹೋದ ಮೇಲೂ ಬರಲಿಲ್ಲ. ಅವಳು ಒಂದು ದಿನವೂ ಟೇಪು ಹಿಡಿದು ನೋಡಲಿಲ್ಲ. ಅಣ್ಣ ಹೇಳಿದ, ಮುಗಿಯಿತು. ಎಂಟು ತಿಂಗಳಲ್ಲಿ ನಾನು ಹಬ್ಬಕ್ಕೆ, ಊಟಕ್ಕೆ ಎಂದು ನಾಲ್ಕೈದು ಸಲ ಹೋದೆ. ಭುಜದ ನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಂಡೇ ನನಗೆ ಬಡಿಸಿದಳು. ನಾನು ಉಂಡು ಬಂದೆ.

ಕಳೆದ ತಿಂಗಳು ಅವಳೇ ಫೋನ್ ಮಾಡಿದಳು. "ಆ ಮಿಷಿನ್ ಮೇಜು ಒಂದ್ಸಲ ನೋಡಾನ ಬಾರಣ್ಣ. ನಿಂಗಾದ್ರೆ ಗೊತ್ತಾಯ್ತದೆ, ಅಂಗಡಿಯವರು ಮೋಸ ಮಾಡ್ಬಾರ್ದಲ್ಲ."

ಬಿ.ಎಚ್. ರಸ್ತೆಯ ಒಂದು ಪೀಠೋಪಕರಣದ ಅಂಗಡಿಗೆ ಹೋದೆವು. ಮೂರು ತರಹ ಇದ್ದವು. ಕೈಯಿಂದ ಹಿಡಿ ತಿರುಗಿಸಿ ಎತ್ತುವ ಮೇಜು ದಿನಕ್ಕೆ ನಾಲ್ಕು ಸಲ ಏರಿಸಿ ಇಳಿಸುವವರಿಗಲ್ಲ. ಒಂದು ಮೋಟಾರಿನದು ಮೇಲಕ್ಕೆ ಹೋದಾಗ ಅಲುಗಿತು. ನಾನು ಅಂಚು ಹಿಡಿದು ಜಗ್ಗಿದೆ.

"ಮೆಲ್ಲಗೆ ಸಾರ್, ಎತ್ತಿನ ಹಲ್ಲು ನೋಡ್ದಂಗೆ ನೋಡ್ತಾ ಇದೀರ" ಎಂದ ಸೇಲ್ಸ್‌ಮನ್. ತಂಗಿ ನಕ್ಕಳು.

ಎರಡು ಮೋಟಾರಿನದು ಗಟ್ಟಿಯಿತ್ತು. ಅವಳು ಬಟನ್ ಒತ್ತಿ, ಕೈ ಮಡಚಿ, ಒಂದು ಕಡೆ ನಿಲ್ಲಿಸಿದಳು. ಭುಜಗಳು ಕೆಳಗಿಳಿದವು. ನನ್ನ ಜೇಬಿನ ಟೇಪು ತೆಗೆದುಕೊಂಡು ತಾನೇ ಅಳೆದಳು.

"ಮೂವತ್ತೆಂಟೇ ಐತೆ." ಟೇಪು ಸುತ್ತಿ ನನ್ನ ಕೈಗಿಟ್ಟಳು. "ಈಗ ಹಿತ ಅನ್ಸುತ್ತೆ, ಆಮೇಲೆ ನೋವು ಬರುತ್ತೆ. ಮನೇಲಿ ಎಂಟು ತಿಂಗಳು ಇದೇ ಎತ್ತರದಲ್ಲಿ ನಿಂತು ನೋಡಿದೀನಲ್ಲ. ನಿಲ್ಲೋದೇ ನನ್ನ ಮೈಗೆ ಒಗ್ಗಲ್ಲ ಅಣ್ಣ. ಕೂರಕ್ಕೂ ಆಗಲ್ಲ. ಈ ತಿಂಗಳಿಗೆ ಕೆಲಸ ಬಿಡ್ತೀನಿ ಅಂತ ಹೇಳ್ಬುಡ್ತೀನಿ."

ಅವಳು ಬ್ಯಾಗು ಹೆಗಲಿಗೇರಿಸಿದಳು.

"ಮನೇದು ನಲವತ್ತೊಂದು ಕಣವ್ವ" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಆಯದ ಲೆಕ್ಕ ಹೇಳಿದೆ. ಮೊದಲ ದಿನವೇ ನನಗೆ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ. ಸೇಲ್ಸ್‌ಮನ್ ಬೇರೆ ಗಿರಾಕಿಯ ಕಡೆಗೆ ಸರಿದ.

"ಮೂರು ಇಂಚು ಎತ್ತರ ಆಯ್ತು, ಹೋಗ್ಲಿ ಬುಡು" ಅಂದಳು. "ನಾನು ಕೇಳಿದೆನಲ್ಲ ಅಣ್ಣ. ಬಾಯಿ ಬಿಟ್ಟು ಕೇಳಿದೆನಲ್ಲ."

ಅವಳು ಸೇಲ್ಸ್‌ಮನ್‌ನನ್ನು ಕರೆದು, ಮೇಲಿನ ಹಲಗೆ ಬೇಡ, ಮೋಟಾರಿನ ಕಾಲುಗಳಷ್ಟೇ ಸಿಗುತ್ತವೆಯೇ ಎಂದು ಕೇಳಿದಳು. ಸಿಗುತ್ತವೆ ಎಂದ. ಹಲಸಿನ ಹಲಗೆಯ ಭಾರ ತಡೆಯುತ್ತವೆಯೇ ಎಂದು ನಾನು ಕೇಳಬೇಕೆಂದಿದ್ದೆ. ಅದನ್ನೂ ಅವಳೇ ಕೇಳಿದಳು.

ಆ ಕಾಲುಗಳು ಅವಳ ಮನೆಗೆ ಬಂದ ದಿನ ನಾನೇ ಹೋಗಿ ಜೋಡಿಸಿದೆ. ನಾನು ಮಾಡಿದ್ದ ನಾಲ್ಕು ಮರದ ಕಾಲುಗಳನ್ನು ಬಿಚ್ಚಿ, ಹಲಗೆಯನ್ನು ಕಬ್ಬಿಣದ ಕಾಲುಗಳ ಮೇಲಿಟ್ಟು ಸ್ಕ್ರೂ ಹಾಕಿದೆ. ಅವಳು ಬಟನ್ ಒತ್ತಿ ಮೇಲೆ ಕೆಳಗೆ ಮಾಡಿ, "ಇದಕ್ಕೆ ಯಾವ ಆಯನಪ್ಪ?" ಎಂದಳು. ನಗುತ್ತಿದ್ದಳೋ ಇಲ್ಲವೋ ಬೆನ್ನ ಕಡೆಯಿಂದ ನನಗೆ ತಿಳಿಯಲಿಲ್ಲ. ಕೆಲಸ ಬಿಟ್ಟಿಲ್ಲ. ಭುಜದ ನೋವು ಕಡಿಮೆಯಾಗುತ್ತಿದೆಯಂತೆ. ಅದನ್ನು ಅವಳು ನನ್ನ ಹೆಂಡತಿಗೆ ಹೇಳಿದ್ದಾಳೆ, ನನಗಲ್ಲ.

ಬಿಚ್ಚಿದ ಕಾಲುಗಳನ್ನು ಶೆಡ್ಡಿಗೆ ತಂದು ಒಂದೊಂದರಿಂದಲೂ ಮೂರು ಇಂಚು ಕೊಯ್ದೆ. ಕೈ ಗರಗಸದಲ್ಲಿ, ಕೂತಲ್ಲೇ. ಕಾಫಿ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ. ಅವಳ ಮನೆಗೆ ಊಟಕ್ಕೆ ಹೋದ ಯಾವ ದಿನ ಬೇಕಾದರೂ ಅದನ್ನು ಮಾಡಬಹುದಿತ್ತು.