ವಂದನೆಗೇ ಮುಗಿದ ಮೂರು ನಿಮಿಷ

ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿರುವ ತಂಗಿಯ ಮನೆ ಹತ್ತಿರದ ಬಸ್‌ಸ್ಟಾಪಿನಲ್ಲಿ ಬೆಂಚಿಲ್ಲ. ಮಂಡಿನೋವಿರುವ ಅವಳ ಅತ್ತೆ ನಿಂತೇ ಬಸ್ಸು ಕಾಯಬೇಕು. ಬೆಂಚು ಕೇಳಲು ಇವತ್ತು ಸಂಜೆ ಮೂವರೂ ಕೌನ್ಸಿಲ್ ಸಭೆಗೆ ಹೋದೆವು. ಅಲ್ಲಿ ಸಾರ್ವಜನಿಕರು ಒಬ್ಬೊಬ್ಬರೂ ಮೂರು ನಿಮಿಷ ಮಾತಾಡಬಹುದು.

ತಂಗಿಯ ಭಾಷಣ ಬರೆದುಕೊಟ್ಟವನು ನಾನು. ಯಾರಾದರೂ ಮುನಿಸಿಕೊಂಡಾರೆಂಬ ಭಯದಿಂದ ಮೇಯರ್, ಒಬ್ಬೊಬ್ಬ ಸದಸ್ಯ, ಅಧಿಕಾರಿಗಳು, ನೆರೆದ ನಾಗರಿಕರು ಎಲ್ಲರಿಗೂ ಬೇರೆಬೇರೆಯಾಗಿ ವಂದನೆ ಸೇರಿಸಿದ್ದೆ. ಅಪ್ಪ ನಮ್ಮೂರ ಪುರಸಭೆಯ ಸದಸ್ಯರಾಗಿದ್ದಾಗ ಅಲ್ಲಿನ ಸಭೆಯಲ್ಲಿ ವಂದನೆ ಮುಗಿಯುವಷ್ಟರಲ್ಲಿ ಎರಡನೇ ಸುತ್ತಿನ ಕಾಫಿ ಬರುತ್ತಿತ್ತು. ಬಾಗಿಲಲ್ಲಿ ನಿಂತ ಅರ್ಜಿದಾರನನ್ನೂ ಅಪ್ಪ ಕರೆದು ಕೂರಿಸಿ ಲೋಟ ಕೊಡುತ್ತಿದ್ದರು. ಇಲ್ಲಿ ತಂಗಿ ವಂದನೆ ಓದಿ ಮುಗಿಸುವಷ್ಟರಲ್ಲಿ ಸಮಯ ಮುಗಿದ ಗಂಟೆ ಹೊಡೆಯಿತು. ಬೆಂಚಿನ ಮಾತೇ ಬರಲಿಲ್ಲ.

"ಏನೋ ಅಣ್ಣ, ಸನ್ಮಾನ ಸಮಾರಂಭ ಮಾಡ್ಸಿಬಿಟ್ಯಲ್ಲೋ!" ತಂಗಿ ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಅತ್ತೆಯೇ ಕುರ್ಚಿ ಹಿಡಿದು ಎದ್ದರು. "ಮೇಡಂ, ಬಸ್‌ಸ್ಟಾಪ್, ನೋ ಬೆಂಚ್. ನೀ ಪೇಯ್ನ್," ಎಂದು ಮಂಡಿ ಮುಟ್ಟಿ ತೋರಿಸಿದರು.

ನಿಮ್ಮ ಮೂರು ನಿಮಿಷದಲ್ಲಿ ಇನ್ನೂ ಸಮಯವಿದೆ, ಮುಂದುವರಿಸಿ ಎಂದರು ಮೇಯರಮ್ಮ.

"ಅಷ್ಟೊತ್ತು ನಿಲ್ಲಕ್ಕಾಗಲ್ಲಮ್ಮ," ಎಂದು ಕನ್ನಡದಲ್ಲೇ ಹೇಳಿ ಅತ್ತೆ ಕೂತರು.

ತಂಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸದಸ್ಯರೆಲ್ಲ ಬರೆದುಕೊಳ್ಳಲು ಪೆನ್ನು ಎತ್ತಿಕೊಂಡರು.