ಠೇವಣಿ ಕೇಳಲು ಹೋದ ದಿನ

ಕಾಲುವೆಗೆ ನೀರು ಬಿಟ್ಟ ಮೇಲೆ ಶಹಾಪುರದ ಸುತ್ತ ಭತ್ತ ಬಂತು, ಭತ್ತದ ಹಿಂದೆ ರೊಕ್ಕ ಬಂತು, ರೊಕ್ಕದ ಹಿಂದೆ ಠೇವಣಿ ಹಿಡಿಯುವ ಸೊಸೈಟಿಗಳು ಬಂದವು. ಹೈಸ್ಕೂಲ್ ಮಾಸ್ತರನಾದ ನನಗೆ ಹೊಲವಿರಲಿಲ್ಲ. ಆದರೆ ಸಂಬಳ ಹೆಚ್ಚಾದಾಗ ಹಿಂದಿನ ಬಾಕಿಯೆಲ್ಲ ಒಂದೇ ಗಂಟಾಗಿ ಕೈಗೆ ಬಂದಿತ್ತು.

"ಪೋಸ್ಟಿನ್ಯಾಗ ಇಡ್ರಿ. ಬಡ್ಡಿ ಕಮ್ಮಿ ಬಂದ್ರ ಬರ್ಲಿ, ಅಸಲರ ಉಳೀತದ," ಎಂದಳು ಹೆಂಡತಿ.

ಗಣಿತದ ಮಾಸ್ತರ ಹೆಂಡತಿಯ ಮಾತು ಕೇಳುವುದುಂಟೇ? ಚಕ್ರಬಡ್ಡಿಯ ಲೆಕ್ಕ ಹಾಕಿ ತೋರಿಸಿ ಅವಳ ಬಾಯಿ ಮುಚ್ಚಿಸಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಹೊಸ ಸೊಸೈಟಿ ಪೋಸ್ಟಿಗಿಂತ ಎಷ್ಟೋ ಹೆಚ್ಚು ಬಡ್ಡಿ ಕೊಡುತ್ತಿತ್ತು. ಅದರ ಸೆಕ್ರೆಟರಿ ರಂಗಂಪೇಟೆಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ, ಹೆಚ್ಚು ಮಾತಾಡದ ಮನುಷ್ಯ. ಇಡೀ ಗಂಟನ್ನು ಅವರ ಕೈಗಿಟ್ಟು, ಮೂರು ವರ್ಷದ ಠೇವಣಿಯ ರಸೀದಿ ಪಡೆದು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಆ ಧೈರ್ಯ ಮರುದಿನದವರೆಗೂ ಬಾಳಲಿಲ್ಲ. ದಿನಾ ಶಾಲೆ ಬಿಟ್ಟೊಡನೆ ಸೊಸೈಟಿಯ ಎದುರಿನ ಹೋಟೆಲಿನಲ್ಲಿ ಚಹಾ ಹಿಡಿದು ಕೂತು ಅದರ ಬಾಗಿಲನ್ನೇ ಕಾಯತೊಡಗಿದೆ. ಸೆಕ್ರೆಟರಿ ಹೊಸ ಅಂಗಿ ತೊಟ್ಟರೆ ಅದು ನನ್ನ ರೊಕ್ಕದ್ದೇ ಎಂಬ ಸಂಶಯ. ಹಳೆಯದು ತೊಟ್ಟರೆ ಸೊಸೈಟಿ ಮುಳುಗಿತೆಂಬ ಭಯ.

ಒಂದು ಮಧ್ಯಾಹ್ನ ಬಿಡುವಿನಲ್ಲಿ ಹೋದರೆ ಬಾಗಿಲಿಗೆ ಬೀಗ.

"ಮುಂಜಾನಿಂದ ತೆಗದೇ ಇಲ್ರಿ ಸರ್," ಎಂದ ಹೋಟೆಲಿನವನು.

ಹೊಟ್ಟೆನೋವೆಂದು ಹೇಳಿ ರಜೆ ಹಾಕಿ, ರಸೀದಿಯನ್ನು ಜೇಬಿಗಿಳಿಸಿ ರಂಗಂಪೇಟೆಗೆ ಹೋಗುವ ಸುರಪುರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಸೆಕ್ರೆಟರಿಗೆ ಬಯ್ಯಬೇಕಾದ ಬೈಗುಳಗಳನ್ನು ಜೋಡಿಸಿಕೊಂಡೆ. ರಂಗಂಪೇಟೆಯಲ್ಲಿ ಕೇಳಿಕೊಂಡು ಅವರ ಓಣಿಗೆ ಹೋದರೆ ಮನೆಯ ಮುಂದೆ ಜನವೋ ಜನ. ಠೇವಣಿ ಇಟ್ಟವರು ನನಗಿಂತ ಮೊದಲೇ ಬಂದು ಮುತ್ತಿದ್ದಾರೆ ಎಂದುಕೊಂಡು, ಗುಂಪನ್ನು ನೂಕಿಕೊಂಡು ಮುಂದೆ ನುಗ್ಗಿದೆ.

ಮುಂದೆ, ಹಣೆತುಂಬ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಒಬ್ಬ ಮುದುಕಿಯ ಹೆಣವನ್ನು ಕೂರಿಸಿದ್ದರು.

ಸೆಕ್ರೆಟರಿ ನನ್ನನ್ನು ಕಂಡವರೇ ಎದ್ದು ಬಂದು ಅಪ್ಪಿಕೊಂಡು ಅತ್ತರು. "ಅವ್ವ ಹೋದ್ಳ್ರಿ ಸರ್. ನಿಮಗ ಯಾರು ಹೇಳಿದ್ರು? ಶಹಾಪುರದಿಂದ ನೀವೊಬ್ರೇ ಬಂದೀರಿ ನೋಡ್ರಿ."

ಜೋಡಿಸಿಕೊಂಡಿದ್ದ ಬೈಗುಳಗಳಲ್ಲಿ ಒಂದೂ ಹೊರಬರಲಿಲ್ಲ. ದೂರದಿಂದ ಬಂದವನೆಂದು ಜನ ನನಗೆ ದಾರಿ ಬಿಟ್ಟರು. ಮೆರವಣಿಗೆಯ ಜೊತೆ ನಡೆದೆ, ಮಣ್ಣು ಹಾಕಿದೆ. ಕೊನೆಗೆ ನನಗೂ ಅಳು ಬಂತು. ಆ ಮುದುಕಿಗಾಗಿ ಅತ್ತೆನೋ, ಠೇವಣಿಗಾಗಿಯೋ, ಇವತ್ತಿಗೂ ಹೇಳಲಾರೆ.

ಮನೆಗೆ ಬಂದು, ಒಳಗೆ ಹೋಗುವ ಹಾಗಿಲ್ಲವಾದ್ದರಿಂದ ಹೊರಗೇ ನಿಂತು ಸ್ನಾನಕ್ಕೆ ನೀರು ಕೇಳಿದೆ.

"ಯಾರ ಮಣ್ಣಿಗೆ ಹೋಗಿದ್ರಿ?" ಎಂದು ಹೆಂಡತಿ ಗಾಬರಿಯಾದಳು.

ಹೇಳಿದೆ. ಹಿತ್ತಲಲ್ಲಿ ತಲೆಗೆ ನೀರು ಹೊಯ್ಯುತ್ತಿದ್ದವಳ ಕೈಯ ತಂಬಿಗೆ ನಗುವಿಗೆ ಜಾರಿ ಬಿತ್ತು. "ರೊಕ್ಕ ಸತ್ತದ ಅಂತ ಅಳಾಕ ಹೋಗಿ ಅವರವ್ವಗ ಮಣ್ಣು ಕೊಟ್ಟು ಬಂದ್ರ್ಯಾ?"

ಆಮೇಲೆ ಠೇವಣಿ ಮುರಿಸಲೆಂದು ಎರಡು ಸಲ ಸೊಸೈಟಿಗೆ ಹೋದೆ. ಎರಡು ಸಲವೂ ಸೆಕ್ರೆಟರಿ ಎದ್ದು ಕುರ್ಚಿ ಕೊಟ್ಟು, "ನಮ್ಮವ್ವನ ಮಣ್ಣಿಗೆ ಬಂದವ್ರು ಇವ್ರು," ಎಂದು ಅಲ್ಲಿದ್ದವರಿಗೆ ಪರಿಚಯಿಸಿದರು. ಬಾಯಿ ಬಿಡಲಾಗದೆ ತಿರುಗಿ ಬಂದೆ. ನನ್ನ ಠೇವಣಿಯನ್ನು ಮೂರು ವರ್ಷ ಅಲ್ಲಿ ಉಳಿಸಿದ್ದು ಚಕ್ರಬಡ್ಡಿಯಲ್ಲ, ಬರೀ ಸಂಕೋಚ.

ಅವಧಿ ಮುಗಿದಾಗ ರೊಕ್ಕ ಬಡ್ಡಿ ಸಮೇತ, ಒಂದು ಪೈಸೆ ಕಡಿಮೆಯಿಲ್ಲದೆ ಬಂತು. ಅವತ್ತು ಹೆಂಡತಿಯೂ ಜೊತೆಗಿದ್ದಳು.

"ಮತ್ತ ಇಡ್ತೀರೇನ್ರಿ ಸರ್?" ಎಂದು ಸೆಕ್ರೆಟರಿ ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಹೇಳಿದಳು: "ಅರ್ಧ ನಿಮ್ಮ ಹತ್ರ ಇರ್ಲಿ ಅಣ್ಣಾರ, ಅರ್ಧ ಪೋಸ್ಟಿಗೆ ಹೋಗ್ಲಿ. ಇವರಿಗೆ ನಿದ್ದಿ ಬರ್ಬೇಕಲ್ರಿ."

ಸೆಕ್ರೆಟರಿ ಜೋರಾಗಿ ನಕ್ಕದ್ದನ್ನು ಅವತ್ತೇ ಮೊದಲ ಸಲ ನೋಡಿದೆ. ಅವತ್ತಿನಿಂದ ನಮ್ಮ ಉಳಿತಾಯ ಎಲ್ಲಿರಬೇಕೆಂದು ಅವಳೇ ತೀರ್ಮಾನಿಸುತ್ತಾಳೆ. ನನ್ನನ್ನೂ ಒಂದು ಮಾತು ಕೇಳುತ್ತಾಳೆ. ನಾನು ಹೂಂ ಎನ್ನುತ್ತೇನೆ.